ಎರಡನೆಯ ಗೇರಿನಲ್ಲಿ ನಿಂತ ಬಂಡಿ

ಜರ್ಮನಿಯ ಮರ್ಸಿಡಿಸ್ ಕಾರ್ಖಾನೆಯವರು 1990ರ ದಶಕದ ನಡುವಿನಲ್ಲಿ ತಮ್ಮ ಮೋಟಾರು ಬಂಡಿಗಳಿಗೆ ಐದು ಗೇರುಗಳ ಸ್ವಯಂಚಾಲಿತ ಪೆಟ್ಟಿಗೆಯೊಂದನ್ನು ಅಳವಡಿಸಿದರು. 722.6 ಎಂಬುದು ಅದರ ಸಂಖ್ಯಾನಾಮ. ಇಂತಹ ಹಳೆಯ ಬಂಡಿಯು ಒಂದು ದಿನ ಇದ್ದಕ್ಕಿದ್ದಂತೆ ಎರಡನೆಯ ಗೇರಿನಲ್ಲಿಯೇ ನಿಂತು, ಮೇಲಕ್ಕೇರಲೊಲ್ಲದೆ ನರಳುವುದುಂಟು. ಪೆಟ್ಟಿಗೆಯನ್ನೇ ಬದಲಿಸಬೇಕೆಂದು ಮೇಸ್ತ್ರಿಯು ನುಡಿದರೆ ಗೃಹಸ್ಥನ ಎದೆಯೊಡೆಯುವುದು. ಹಳೆಯ ಬಂಡಿಯ ಬೆಲೆಯನ್ನೂ ಆ ವೆಚ್ಚವು ಮೀರಬಹುದು.

ಹಣವೆಣಿಸುವ ಮುನ್ನ ಕಾರಣವನ್ನು ವಿಚಾರಿಸಿರೆಂದು ನಾವು ವಾಚಕರಲ್ಲಿ ಬೇಡುವೆವು. ವೇಗವನ್ನಳೆಯುವ ಸೂಚಕಗಳಿಂದ ಅಸಂಬದ್ಧವಾದ ವರದಿ ಬಂದಾಗ ನಿಯಂತ್ರಕವು ಯಂತ್ರದ ರಕ್ಷಣೆಗಾಗಿಯೇ ಗೇರನ್ನು ಹೀಗೆ ಕಟ್ಟಿಹಾಕುವುದು. ಆ ಸೂಚಕಗಳು ಪೆಟ್ಟಿಗೆಯೊಳಗಿನ ವಿದ್ಯುತ್ ಫಲಕವೊಂದರಲ್ಲಿ ಅಡಕವಾಗಿವೆ. ಕೆಳಗಿನ ಎಣ್ಣೆತಟ್ಟೆಯನ್ನು ಕಳಚಿ, ಕವಾಟಗಳ ಭಾಗವನ್ನಿಳಿಸಿ, ಫಲಕವೊಂದನ್ನೇ ಬದಲಿಸಬಹುದು. ಪೆಟ್ಟಿಗೆಯು ಬಂಡಿಯಲ್ಲಿಯೇ ಇರುವುದು. ತಂತಿಗಳು ಒಳಹೋಗುವ ಬಿರಡೆಯು ಸೋರುವುದೂ ಪ್ರಸಿದ್ಧವಾದ ದೋಷವೇ. ಎಣ್ಣೆಯು ತಂತಿಯ ಜಾಡು ಹಿಡಿದು ನಿಯಂತ್ರಕದವರೆಗೂ ಏರಿಬಿಡುವುದುಂಟು. ಅದನ್ನು ತಡೆಯುವ ರಬ್ಬರಿನ ಉಂಗುರದ ಬೆಲೆಯಾದರೋ ಅತ್ಯಲ್ಪ!

ಎಣ್ಣೆಯು ಕಪ್ಪಾಗಿ ಸುಟ್ಟ ವಾಸನೆ ಬೀರುತ್ತಿದ್ದು, ತಟ್ಟೆಯ ತಳದಲ್ಲಿ ಲೋಹದ ಚೂರುಗಳು ಕಂಡರೆ ಮಾತೇ ಬೇರೆ. ಆಗ ಕ್ಲಚ್ಚುಗಳು ಸವೆದಿರುವ ಸಂಭವವೇ ಹೆಚ್ಚು. ಪೆಟ್ಟಿಗೆಗೆ ಜೀರ್ಣೋದ್ಧಾರವಾಗಬೇಕು, ಇಲ್ಲವೆ ಬೇರೊಂದು ಬರಬೇಕು.

ಈ ಎಣ್ಣೆಯು ಆಜೀವಪರ್ಯಂತ ಸಾಲುವುದೆಂದು ತಯಾರಕರು ಮೊದಲು ಸಾರಿದ್ದರು. ಯಾರ ಜೀವವೆಂಬುದನ್ನು ಮಾತ್ರ ವಿವರಿಸಲಿಲ್ಲ. ಮುಂದೆ ಅವರೇ ಎಣ್ಣೆಯನ್ನು ಬದಲಿಸಬೇಕೆಂದರು. ಹೊಸ ಎಣ್ಣೆಯ ಮಟ್ಟವನ್ನು, ಅದು ಸುಮಾರು 80 ಡಿಗ್ರಿ ಸೆಂಟಿಗ್ರೇಡಿಗೆ ಕಾದ ಮೇಲೆ, ಇಂಜಿನು ನಡೆಯುತ್ತಿರುವಾಗಲೇ ನೋಡತಕ್ಕದ್ದು.