ಗಾಲಿಯೊಳಗಿನ ಗಾಳಿ

ತಾಂಬರಂನಲ್ಲಿ ನೆಲೆಸಿರುವ ಕನ್ನಡಿಗರು ಹಬ್ಬಕ್ಕೋ ಮದುವೆಗೋ ಬೆಂಗಳೂರಿನ ಕಡೆಗೆ ಕಾರಿನಲ್ಲಿ ಹೊರಡುವಾಗ ಪೆಟ್ರೋಲು, ನೀರು, ಬುತ್ತಿ ಎಲ್ಲವನ್ನೂ ವಿಚಾರಿಸಿಕೊಳ್ಳುತ್ತಾರೆ. ಟೈರಿನ ಗಾಳಿಯನ್ನು ಮಾತ್ರ ಬಂಕಿನ ಹುಡುಗನ ವಿವೇಚನೆಗೆ ಬಿಡುವುದು ರೂಢಿ. ಇಡೀ ಸಂಸಾರವನ್ನು ಹೊತ್ತು ಓಡುವಾಗ ನೆಲಕ್ಕೆ ತಾಗಿರುವುದು ಅಂಗೈಯಗಲದ ನಾಲ್ಕು ರಬ್ಬರಿನ ತುಣುಕುಗಳಷ್ಟೆ ಎಂಬುದು ಆಗ ನೆನಪಿಗೆ ಬರುವುದಿಲ್ಲ.

ತುಂಬಬೇಕಾದ ಗಾಳಿಯ ಅಂಕಿಯನ್ನು ಕಾರು ತಯಾರಿಸಿದವರು ಚಾಲಕನ ಬಾಗಿಲಿನ ಚೌಕಟ್ಟಿನಲ್ಲಿಯೋ ಕೈಪಿಡಿಯಲ್ಲಿಯೋ ನಮೂದಿಸಿರುತ್ತಾರೆ. ಸಣ್ಣ ಕಾರುಗಳಿಗೆ ಅದು ಸಾಮಾನ್ಯವಾಗಿ ಚದರ ಅಂಗುಲಕ್ಕೆ 30ರಿಂದ 33 ಪೌಂಡು. ಪೂರ್ಣ ಭಾರಕ್ಕೆ, ಅದರಲ್ಲೂ ಹಿಂದಿನ ಗಾಲಿಗಳಿಗೆ, ಬೇರೆ ಅಂಕಿ ಇರುವುದುಂಟು. ಟೈರಿನ ಪಕ್ಕೆಯ ಮೇಲೆ ಅಚ್ಚೊತ್ತಿರುವ ದೊಡ್ಡ ಅಂಕಿ ಗರಿಷ್ಠ ಮಿತಿ ಮಾತ್ರ. ಸಾಲದ ಮಿತಿ ಇದೆಯೆಂದು ಯಾರೂ ಅಷ್ಟನ್ನೂ ಎತ್ತಲೇಬೇಕಾಗಿಲ್ಲವಷ್ಟೆ.

ಇನ್ನು ಅಳೆಯುವ ಹೊತ್ತು. ಮೆಟ್ಟಿಲು ಹತ್ತಿ ಬಂದವನ ರಕ್ತದೊತ್ತಡವನ್ನು ವೈದ್ಯರು ಕೂಡಲೇ ಅಳೆಯುವುದಿಲ್ಲ. ಟೈರಿಗೂ ಅದೇ ನ್ಯಾಯ. ಕಾರು ಮೂರು ಗಂಟೆಯಾದರೂ ನಿಂತಿರಬೇಕು, ಇಲ್ಲವೆ ಎರಡು ಕಿಲೋಮೀಟರಿಗಿಂತ ಹೆಚ್ಚು ಓಡಿರಬಾರದು.

ತಾಂಬರಂನಲ್ಲಿ ಬೆಳಿಗ್ಗೆ 30 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ 32 ಪೌಂಡು ತುಂಬಿಸಿ ಹೊರಟರೆನ್ನಿ. ವೆಲ್ಲೂರು ತಲಪುವ ವೇಳೆಗೆ ಒಳಗಿನ ಗಾಳಿ 55 ಡಿಗ್ರಿಗೆ ಏರಿದ್ದರೆ ಮಾಪಕ ಸುಮಾರು 36 ತೋರಿಸುತ್ತದೆ. "ಜಾಸ್ತಿಯಾಗಿದೆ" ಎಂದು ಗಾಬರಿಗೊಂಡು ಗಾಳಿಯನ್ನು 32ಕ್ಕೆ ಇಳಿಸುವವರೇ ಹೆಚ್ಚು. ಮರುದಿನ ಬೆಂಗಳೂರಿನ 20 ಡಿಗ್ರಿ ತಂಪಿನಲ್ಲಿ ಅದೇ ಟೈರಿನಲ್ಲಿ ಉಳಿದಿರುವುದು ಸುಮಾರು 28 ಮಾತ್ರ. ವೆಲ್ಲೂರಿನಲ್ಲಿ ಮುಟ್ಟದೆ ಬಿಟ್ಟಿದ್ದರೆ ಮಾಪಕ ಮತ್ತೆ 32ರ ಆಸುಪಾಸಿಗೇ ಬರುತ್ತಿತ್ತು. ಸ್ವಾರಸ್ಯವೆಂದರೆ, ತಂಪಿನಿಂದ ಒಂದೂವರೆ ಪೌಂಡು ಇಳಿಯುತ್ತದೆ. ಮೂರು ಸಾವಿರ ಅಡಿ ಎತ್ತರದಲ್ಲಿ ಹೊರಗಿನ ವಾಯುಭಾರ ಕಡಿಮೆಯಾಗಿರುವುದರಿಂದ ಮಾಪಕದಲ್ಲಿ ಹೆಚ್ಚುಕಡಿಮೆ ಅಷ್ಟೇ ಏರುತ್ತದೆ. ಜಮಾ ಖರ್ಚು ಸರಿಹೋಗುತ್ತದೆ!

ಗಾಳಿ ಕಡಿಮೆಯಾದ ಟೈರಿನ ಪಕ್ಕೆಗಳು ಪ್ರತಿ ಸುತ್ತಿಗೂ ಮಡಿಚಿ ಬಿಡಿಸಿಕೊಳ್ಳುತ್ತವೆ. ಆ ಬಾಗುವಿಕೆಯೇ ಶಾಖವಾಗಿ ರಬ್ಬರಿನ ಒಳಪದರಗಳನ್ನು ಸಡಿಲಗೊಳಿಸುತ್ತದೆ. ಬೇಸಿಗೆಯ ಹೆದ್ದಾರಿಯಲ್ಲಿ ಟೈರು ಸಿಡಿಯಲು ಗಾಳಿ ಹೆಚ್ಚಾದುದೇ ಕಾರಣವೆಂದು ಜನ ಭಾವಿಸುತ್ತಾರೆ. ಬಹಳ ವೇಳೆ ಸಂಗತಿ ಇದಕ್ಕೆ ವಿರುದ್ಧ. ಮಳೆಗಾಲದಲ್ಲೂ ಇಂಥ ಟೈರು ನೀರನ್ನು ಸೀಳಲಾರದೆ ಅದರ ಮೇಲೆ ತೇಲತೊಡಗುತ್ತದೆ. 2015ರ ಡಿಸೆಂಬರಿನಲ್ಲಿ ಒಂದೇ ದಿನಕ್ಕೆ 49 ಸೆಂಟಿಮೀಟರ್ ಮಳೆ ಕಂಡ ತಾಂಬರಂನವರಿಗೆ ನೀರು ನಿಂತ ರಸ್ತೆಯ ಪರಿಚಯ ಮಾಡಿಕೊಡಬೇಕಾಗಿಲ್ಲ. ಗಾಳಿ ಮಿತಿಮೀರಿದರೆ ಟೈರಿನ ನಡುಭಾಗ ಬೇಗ ಸವೆಯುತ್ತದೆ. ಹಿಂದಿನ ಸೀಟಿನ ವೃದ್ಧರ ಬೆನ್ನಿಗೂ ಹಿತವಲ್ಲ.

ನೈಟ್ರೋಜನ್ ತುಂಬಿಸಬೇಕೇ ಎಂದು ಕೆಲವರು ಕೇಳುತ್ತಾರೆ. ನಾವು ಉಸಿರಾಡುವ ಗಾಳಿಯಲ್ಲಿ ನೂರಕ್ಕೆ 78 ಪಾಲು ಅದೇ ಇದೆ. ಶುದ್ಧ ನೈಟ್ರೋಜನ್ ಸ್ವಲ್ಪ ನಿಧಾನವಾಗಿ ಸೋರುತ್ತದೆ, ತೇವವಿರುವುದಿಲ್ಲ. ಆದರೆ ಅದಕ್ಕಾಗಿ ತಪಾಸಣೆಯನ್ನು ಬಿಡುವಂತಿಲ್ಲ. ಮನೆಯಲ್ಲೇ ಒಂದು ಸಣ್ಣ ಮಾಪಕವನ್ನಿಟ್ಟುಕೊಂಡು ತಿಂಗಳಿಗೊಮ್ಮೆ ಬೆಳಗಿನ ಕಾಫಿಗೆ ಮುನ್ನ ನೋಡಿದರೆ ಐದು ನಿಮಿಷದ ಕೆಲಸ.

ಹಾಗೆ ನೋಡುವಾಗ ಡಿಕ್ಕಿಯಲ್ಲಿ ಮಲಗಿರುವ ಐದನೆಯ ಗಾಲಿಯನ್ನು ಎಲ್ಲರೂ ಮರೆಯುತ್ತಾರೆ. ವೇಲ್ಸ್ ದೇಶದ ಸ್ಟೆಪ್ನಿ ಬೀದಿಯಲ್ಲಿ 1904ರ ಸುಮಾರಿಗೆ ತಯಾರಾದ ಬದಲಿ ಗಾಲಿಯಿಂದ ನಮ್ಮ 'ಸ್ಟೆಪ್ನಿ' ಎಂಬ ಹೆಸರು ಬಂದಿತು. ಈಚಿನ ಕೆಲವು ಕಾರುಗಳಲ್ಲಿ ಅದು ಇತರ ಗಾಲಿಗಳಿಗಿಂತ ತೆಳುವಾಗಿರುವುದರಿಂದ ಅದಕ್ಕೆ ತುಂಬಬೇಕಾದ ಅಂಕಿಯೂ ಬೇರೆ, ಅದರ ಮೇಲೆ ಓಡಿಸಬಹುದಾದ ವೇಗದ ಮಿತಿಯೂ ಬೇರೆ. ಎರಡನ್ನೂ ಹಗಲಿನಲ್ಲಿಯೇ, ಮನೆಯ ಮುಂದೆಯೇ ಓದಿಕೊಂಡಿರುವುದು ಒಳ್ಳೆಯದು.