ಮಲ್ಲಟದ ಕಟ್ಟೆ ಮೇಲೆ ಹತ್ತಕ್ಕೆ ಎಷ್ಟು?

ಮಲ್ಲಟ: ಈ ಊರಿನ ಬಸ್ ನಿಲ್ದಾಣದಲ್ಲಿ ಜಗಳ ಅಂದರೆ ಕಾಲುವೆ ನೀರಿನದು, ಇಲ್ಲವೇ ಪಂಚಾಯ್ತಿ ಎಲೆಕ್ಷನ್ನಿನದು ಎಂದು ತಿಳಿದವರು ಈಗ ಒಮ್ಮೆ ಬಂದು ಕೇಳಬೇಕು. ಊರಲ್ಲಿ ಒಬ್ಬನೂ ಆಡಿ ನೋಡದ ಒಂದು ವಿಡಿಯೋ ಗೇಮಿಗೆ ಹತ್ತಕ್ಕೆ ಎಷ್ಟು ಮಾರ್ಕು ಬೀಳುತ್ತದೆ ಎಂಬ ಬಗ್ಗೆ ಹುಡುಗರು ಕೊರಳಪಟ್ಟಿ ಹಿಡಿಯುವುದೊಂದು ಬಾಕಿ.

ಆಟದ ಹೆಸರು 'ಗ್ರ್ಯಾಂಡ್ ಥೆಫ್ಟ್ ಆಟೋ', ಆರನೆಯ ಅವತಾರ. ಹುಡುಗರ ಬಾಯಲ್ಲಿ 'ಜಿಟಿಎ ಸಿಕ್ಸ್'. ಮಾಡುವವರು ರಾಕ್‌ಸ್ಟಾರ್ ಗೇಮ್ಸ್ ಎಂಬ ಅಮೆರಿಕದ ಕಂಪನಿ. ಕಾರು ಕದಿಯುವುದು, ಗುಂಡು ಹಾರಿಸುವುದು, ಪೊಲೀಸರ ಕೈಗೆ ಸಿಗದೆ ಓಡುವುದು, ಇದೇ ಅದರ ಕಸುಬು. ಮೊದಲ ಟ್ರೇಲರ್ 2023ರ ಡಿಸೆಂಬರಿನಲ್ಲಿ ಬಂತು. ಆಟ 2025ಕ್ಕೆ ಎಂದರು. ಆಮೇಲೆ 2026ರ ಮೇ 26 ಎಂದರು. 2025ರ ನವೆಂಬರಿನಲ್ಲಿ ಮತ್ತೆ ಮುಂದೂಡಿ, 2026ರ ನವೆಂಬರ್ 19 ಎಂದರು. ನಮ್ಮ ಕಡೆ ಸೇತುವೆ ಉದ್ಘಾಟನೆ ಮುಂದಕ್ಕೆ ಹೋದ ಹಾಗೆ ಎನ್ನಿ.

"ಹತ್ತಕ್ಕ ಹತ್ತು ಬರ್ತೈತಿ, ಬರ್ಕೋ. ಐದನೇದಕ್ಕ ನೂರಕ್ಕ ತೊಂಬತ್ತೇಳು ಬಿದ್ದಿತ್ತು," ಅಂತಾನೆ ಒಬ್ಬ.

"ಸುಮ್ನಿರಲೇ. ಮೊದ್ಲ ಆಡಿ ನೋಡು, ಆಮ್ಯಾಗ ಹೇಳು. ಬೋರ್ಡ್ ನೋಡಿ ಹೋಟ್ಲಿಗೆ ಹೊಕ್ಕಂಗ ಆದೀತು," ಇನ್ನೊಬ್ಬನ ಜವಾಬು.

ಚಹಾ ಸೋಸುತ್ತಿದ್ದ ಕಾಕಾ ನಡುವೆ ಬಾಯಿ ಹಾಕಿದ: "ಅಲ್ಲ ತಮ್ಮಾ, ಅದು ನಿಮ್ಮ ಫೋನ್ನ್ಯಾಗ ಬರ್ತೈತೇನು?"

ಇಬ್ಬರೂ ಗಪ್ಪು. ಯಾಕೆಂದರೆ ಬರುವುದಿಲ್ಲ. ಕಂಪನಿ ಹೇಳಿದ್ದು ಪ್ಲೇಸ್ಟೇಷನ್ 5 ಮತ್ತು ಎಕ್ಸ್‌ಬಾಕ್ಸ್ ಸೀರೀಸ್ ಎಂಬ ಎರಡು ಜಾತಿಯ ಯಂತ್ರಗಳಿಗೆ ಮಾತ್ರ. ಅಂಥ ಯಂತ್ರಕ್ಕೆ ಐವತ್ತು ಸಾವಿರದ ಸುತ್ತಮುತ್ತ ಬೇಕು. ಮೇಲೆ ಟಿವಿ ಬೇರೆ, ಕರೆಂಟು ಬೇರೆ.

ಹಾಗಾದರೆ ಇದು ಕೆಲಸವಿಲ್ಲದ ಹುಡುಗರ ಹರಟೆ ಎಂದು ಓದುಗರು ಪುಟ ತಿರುವಬಹುದು. ಸ್ವಲ್ಪ ತಡೆಯಿರಿ. ಇಂಥ ದೊಡ್ಡ ಆಟಗಳನ್ನು ಪ್ಲೇಸ್ಟೇಷನ್ 5ಕ್ಕೆ ಇಂಡಿಯಾದಲ್ಲಿ 4,999 ರೂಪಾಯಿಗೆ ಮಾರಿದ ಉದಾಹರಣೆ ಬೇಕಾದಷ್ಟಿವೆ. 2025-26ರಲ್ಲಿ ನಮ್ಮ ರಾಜ್ಯದ ಉದ್ಯೋಗ ಖಾತ್ರಿ ದಿನಗೂಲಿ 370 ರೂಪಾಯಿ. ಹಿಸಾಬು ಹಾಕಿದರೆ ಒಂದು ಆಟಕ್ಕೆ ಹದಿಮೂರೂವರೆ ದಿನದ ಬುಟ್ಟಿ ಹೊರುವ ಕೆಲಸ. ಇಷ್ಟು ದುಡ್ಡು ಹಾಕುವ ಮುಂಚೆ ಮಾಲು ಹ್ಯಾಂಗೈತಿ ಎಂದು ನಾಲ್ಕು ಮಂದಿಯನ್ನು ಕೇಳುವುದು ತಪ್ಪೇ? ಹತ್ತಕ್ಕೆ ಎಷ್ಟು ಎಂಬ ಮಾರ್ಕಿನ ಹುಟ್ಟು ಇಲ್ಲಿದೆ.

ಮಾರ್ಕು ಹಾಕುವ ಪಂಚರು

ಜಪಾನಿನಲ್ಲಿ 'ಫಾಮಿತ್ಸು' ಎಂಬ ಆಟದ ಪತ್ರಿಕೆ ಇದೆ. ಅಲ್ಲಿ ಒಂದು ಆಟಕ್ಕೆ ನಾಲ್ಕು ಜನ ಪಂಚರು. ಒಬ್ಬೊಬ್ಬರದು ಹತ್ತತ್ತು ಮಾರ್ಕು, ಒಟ್ಟು ನಲವತ್ತು. ನಲವತ್ತಕ್ಕೆ ನಲವತ್ತು ಮೊದಲ ಸಲ ಬಿದ್ದದ್ದು 1998ರಲ್ಲಿ, 'ಝೆಲ್ಡಾ' ಸರಣಿಯ ಒಂದು ಆಟಕ್ಕೆ. ಅಮೆರಿಕದಲ್ಲಿ 2001ರಲ್ಲಿ 'ಮೆಟಾಕ್ರಿಟಿಕ್' ಎಂಬುದು ಶುರುವಾಯಿತು. ಊರೂರಿನ ವಿಮರ್ಶಕರು ಕೊಟ್ಟ ಮಾರ್ಕುಗಳನ್ನೆಲ್ಲ ಕೂಡಿಸಿ, ಭಾಗಿಸಿ, ನೂರಕ್ಕೆ ಇಷ್ಟು ಎಂದು ಹೇಳುವ ಅಂಗಡಿ ಅದು. ನಮ್ಮ ಹುಡುಗ ಹೇಳಿದ ತೊಂಬತ್ತೇಳು ಅಲ್ಲಿಯದು. 2013ರಲ್ಲಿ ಬಂದ ಜಿಟಿಎ ಐದನೆಯದಕ್ಕೆ ಬಿದ್ದ ಮಾರ್ಕು. ಹುಡುಗ ಸುಳ್ಳು ಹೇಳಿಲ್ಲ.

ಈ ಮಾರ್ಕು ಬರೀ ಶೋಕಿಗಲ್ಲ, ಇದರ ಮೇಲೆ ಸಂಬಳ ನಿಂತಿರುತ್ತದೆ. 2010ರಲ್ಲಿ 'ಫಾಲೌಟ್: ನ್ಯೂ ವೇಗಾಸ್' ಎಂಬ ಆಟ ಮಾಡಿದ್ದು ಆಬ್ಸಿಡಿಯನ್ ಎಂಬ ಕಂಪನಿ. ಮಾರಾಟಗಾರರ ಜೊತೆ ಅವರ ಕರಾರು ಹೀಗಿತ್ತು: ಮೆಟಾಕ್ರಿಟಿಕ್‌ನಲ್ಲಿ 85 ಬಿದ್ದರೆ ಬೋನಸ್, ಇಲ್ಲದಿದ್ದರೆ ಇಲ್ಲ. ಬಿದ್ದದ್ದು 84! ಒಂದೇ ಒಂದು ಮಾರ್ಕಿಗೆ ಬೋನಸ್ ಹೋಯಿತು. ಆಟ ಮಾಡಿದವರಲ್ಲೊಬ್ಬರಾದ ಕ್ರಿಸ್ ಅವೆಲೋನ್ 2012ರಲ್ಲಿ ಇದನ್ನು ಬಯಲು ಮಾಡಿದರು. ಪಿಯುಸಿಯಲ್ಲಿ ಒಂದು ಮಾರ್ಕಿಗೆ ಡುಮ್ಕಿ ಹೊಡೆದವರಿಗೆ ಈ ಸಂಕಟ ವಿವರಿಸಬೇಕಿಲ್ಲ.

ಮೇಲಿನ ಹತ್ತಿ, ಒಳಗಿನ ಹತ್ತಿ

ಎರಡನೆಯ ಹುಡುಗನ ಮಾತಿನಲ್ಲೂ ಹುರುಳಿದೆ. ರಾಯಚೂರು ಹತ್ತಿ ಮಾರುಕಟ್ಟೆಗೆ ಹೋದವರು ನೋಡಿರುತ್ತೀರಿ. ಪಳಗಿದ ಖರೀದಿದಾರ ಅಂಡಿಗೆಯ ಬಾಯಲ್ಲಿ ಕಾಣುವ ಹತ್ತಿಯನ್ನು ನಂಬುವುದಿಲ್ಲ. ಮೊಣಕೈವರೆಗೆ ಕೈ ತೂರಿಸಿ ಒಳಗಿನದನ್ನು ಹಿರಿದು, ಎಳೆ ಎಳೆದು, ಪಸೆ ನೋಡಿ ರೇಟು ಹೇಳುತ್ತಾನೆ.

2020ರಲ್ಲಿ ಪೋಲೆಂಡ್ ದೇಶದ ಸಿಡಿ ಪ್ರಾಜೆಕ್ಟ್ ಕಂಪನಿ 'ಸೈಬರ್‌ಪಂಕ್ 2077' ಎಂಬ ಆಟ ತಂದಿತು. ವರ್ಷಗಟ್ಟಲೆ ಪ್ರಚಾರ. ಆಟ ಮಾರಾಟಕ್ಕೆ ಬರುವ ಮುಂಚೆ ವಿಮರ್ಶಕರಿಗೆ ಕೊಟ್ಟದ್ದು ಕಂಪ್ಯೂಟರಿನಲ್ಲಿ ಆಡುವ ಪ್ರತಿ ಮಾತ್ರ. ಅದೂ ಗಟ್ಟಿ ಕಂಪ್ಯೂಟರು. ಮಾರ್ಕು ತೊಂಬತ್ತರ ಆಸುಪಾಸು ಬಿತ್ತು. ಡಿಸೆಂಬರ್ 10ಕ್ಕೆ ಅಂಗಡಿಗೆ ಬಂತು. ಮನೆಯಲ್ಲಿ ಹಳೆಯ ಪ್ಲೇಸ್ಟೇಷನ್ 4 ಇಟ್ಟುಕೊಂಡಿದ್ದ ಬಡಪಾಯಿ ಹಾಕಿ ನೋಡಿದರೆ ಆಟ ತೆವಳುತ್ತದೆ, ನಿಲ್ಲುತ್ತದೆ, ಬಂದ್ ಆಗುತ್ತದೆ. ಒಂದು ವಾರದಲ್ಲಿ ಸೋನಿ ಕಂಪನಿ ತನ್ನ ಅಂಗಡಿಯಿಂದಲೇ ಆಟವನ್ನು ತೆಗೆದುಹಾಕಿ ಗಿರಾಕಿಗಳಿಗೆ ದುಡ್ಡು ವಾಪಸ್ ಕೊಡಲು ನಿಂತಿತು. ಅದು ಮತ್ತೆ ಅಂಗಡಿಗೆ ಬಂದದ್ದು 2021ರ ಜೂನ್ 21ಕ್ಕೆ. ಮಾರ್ಕು ಹಾಕಿದವರು ಮೋಸ ಮಾಡಿದರು ಎನ್ನಲು ಬರುವುದಿಲ್ಲ. ಅವರು ನೋಡಿದ್ದು ಅಂಡಿಗೆಯ ಬಾಯಿ ಮಾತ್ರ. ಒಳಗೆ ಕೈ ಹಾಕಲು ಅವರಿಗೆ ಬಿಟ್ಟಿರಲಿಲ್ಲ. (ಕಂಪನಿ ಆಮೇಲೆ ವರ್ಷಾನುಗಟ್ಟಲೆ ರಿಪೇರಿ ಮಾಡಿ ಒಳ್ಳೆಯ ಹೆಸರು ತಗೊಂಡಿತು. ಅದೂ ಹೇಳಬೇಕಾದ ಮಾತೇ.)

ರಾಕ್‌ಸ್ಟಾರ್ ಏನು ಕಮ್ಮಿಯೇ? ಸೈಬರ್ ಕೆಫೆಗಳ ಕಾಲದಲ್ಲಿ ಗಂಟೆ ಲೆಕ್ಕದಲ್ಲಿ 'ವೈಸ್ ಸಿಟಿ' ಆಡಿದವರು ಈಗ ಮಕ್ಕಳ ಅಪ್ಪಂದಿರಾಗಿದ್ದಾರೆ. ಆ ಹಳೇ ಆಟವನ್ನೂ ಅದರ ಎರಡು ಅಣ್ಣತಮ್ಮಂದಿರನ್ನೂ ಸೇರಿಸಿ, ಹೊಸ ಬಣ್ಣ ಬಳಿದು 2021ರ ನವೆಂಬರಿನಲ್ಲಿ ಮಾರಿದರು. ಬಣ್ಣ ಎಷ್ಟು ಕೆಟ್ಟದಾಗಿತ್ತೆಂದರೆ ಮೆಟಾಕ್ರಿಟಿಕ್‌ನಲ್ಲಿ ಆಡಿದ ಜನ ಹಾಕಿದ ಸರಾಸರಿ ಹತ್ತಕ್ಕೆ ಒಂದನ್ನೂ ಮುಟ್ಟಲಿಲ್ಲ. ಕಂಪನಿ ಕ್ಷಮೆ ಕೇಳಿತು. ತೊಂಬತ್ತೇಳು ತಗೊಂಡವನೇ ಸೊನ್ನೆ ಪಕ್ಕಕ್ಕೂ ಹೋಗಿ ಬಂದಿದ್ದಾನೆ ಎಂಬುದನ್ನು ಮೊದಲನೆಯ ಹುಡುಗ ಗಮನಿಸತಕ್ಕದ್ದು.

ಬೆಂಗಳೂರಿನ 'ಫೌ-ಜಿ' ಪ್ರಸಂಗ

ಅಮೆರಿಕ, ಜಪಾನು ಸಾಕು. ನಮ್ಮ ರಾಜ್ಯದಲ್ಲೇ ನಡೆದದ್ದನ್ನು ನೋಡೋಣ.

2020ರ ಜೂನ್ 15ರಂದು ಗಾಲ್ವಾನ್ ಕಣಿವೆಯಲ್ಲಿ ಚೀನಾ ಸೈನಿಕರ ಜೊತೆ ಆದ ಘರ್ಷಣೆಯಲ್ಲಿ ನಮ್ಮ 20 ಯೋಧರು ಸತ್ತರು. ಸೆಪ್ಟೆಂಬರ್ 2ಕ್ಕೆ ಕೇಂದ್ರ ಸರ್ಕಾರ 118 ಆ್ಯಪ್‌ಗಳನ್ನು ಬಂದ್ ಮಾಡಿತು. ಅದರಲ್ಲಿ ಪಬ್ಜಿ ಒಂದು. ಆಗ ಹಳ್ಳಿ ಹಳ್ಳಿಯ ಅಗಸಿಕಟ್ಟೆಯಲ್ಲಿ ಹುಡುಗರು ತಲೆ ಬಗ್ಗಿಸಿ ಕೂತು ಆಡುತ್ತಿದ್ದದ್ದು ಅದನ್ನೇ. ಒಮ್ಮೆಲೆ ಕೈ ಖಾಲಿ.

ಎರಡೇ ದಿನಕ್ಕೆ, ಸೆಪ್ಟೆಂಬರ್ 4ರಂದು, ಸಿನಿಮಾ ನಟ ಅಕ್ಷಯ್ ಕುಮಾರ್ ಒಂದು ಪ್ರಕಟಣೆ ಹೊರಡಿಸಿದರು. 'ಫೌ-ಜಿ' ಎಂಬ ಹೊಸ ಆ್ಯಕ್ಷನ್ ಆಟ ಬರುತ್ತದೆ, ಮಾಡುತ್ತಿರುವುದು ಬೆಂಗಳೂರಿನ ಎನ್‌ಕೋರ್ ಗೇಮ್ಸ್, ನಿವ್ವಳ ಆದಾಯದ ಶೇಕಡಾ 20 ಯೋಧರ ಕುಟುಂಬಗಳ 'ಭಾರತ್ ಕೆ ವೀರ್' ನಿಧಿಗೆ. ಹೆಸರನ್ನು ಜೋರಾಗಿ ಹೇಳಿ ನೋಡಿ: ಪಬ್ಜಿ, ಫೌಜಿ. ಪ್ರಾಸ ತಾನಾಗಿಯೇ ಕೂಡುತ್ತದೆ. ಕಂಪನಿಯವರು ಇದು ಪಬ್ಜಿಗೆ ಪೈಪೋಟಿಯಲ್ಲ ಎಂದು ಆಮೇಲೆ ಎಷ್ಟು ಹೇಳಿದರೂ ಕೇಳುವವರು ಯಾರು? ಮೊದಲೇ ಹೆಸರು ನೋಂದಾಯಿಸಿ ಕಾದವರ ಸಂಖ್ಯೆ 40 ಲಕ್ಷದ ಮೇಲೆ ಹೋಯಿತು.

2021ರ ಜನವರಿ 26. ಗಣರಾಜ್ಯೋತ್ಸವದ ದಿನ ಆಟ ಬಂತು. ಹುಡುಗರು ಡೌನ್‌ಲೋಡ್ ಮಾಡಿ ತೆಗೆದು ನೋಡಿದರೆ ಬಂದೂಕವೇ ಇಲ್ಲ! ಗಾಲ್ವಾನದಲ್ಲಿ ನಡೆದದ್ದು ಕೈಕೈ ಹೊಡೆದಾಟ, ಆದ್ದರಿಂದ ಆಟದಲ್ಲೂ ಗುದ್ದು, ಒದೆ, ಬಡಿಗೆ. ಒಬ್ಬನೇ ನಡೆಯಬೇಕು, ಬಂದವರನ್ನು ಬಡಿಯಬೇಕು, ಸುಸ್ತಾದರೆ ಬೆಂಕಿ ಮುಂದೆ ಕೂತು ಸುಧಾರಿಸಿಕೊಳ್ಳಬೇಕು, ಮತ್ತೆ ನಡೆಯಬೇಕು. ಗೆಳೆಯರ ಜೊತೆ ಕೂಡಿ ಆಡುವ ಸೌಲಭ್ಯ ಅವತ್ತು ಇರಲಿಲ್ಲ. ಗುಂಪು ಕಟ್ಟಿ ಆಡುವ ವಿಭಾಗ ಪರೀಕ್ಷಾರ್ಥವಾಗಿ ಬಂದದ್ದು ಜೂನ್ 21ಕ್ಕೆ. ಅಷ್ಟರಲ್ಲಿ ಜಾತ್ರೆ ಮುಗಿದಿತ್ತು. ಜುಲೈ 2ಕ್ಕೆ ಪಬ್ಜಿಯೇ 'ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ' ಎಂದು ಹೆಸರು ಬದಲಿಸಿ ತಿರುಗಿ ಬಂತು.

ಪ್ಲೇ ಸ್ಟೋರಿನಲ್ಲಿ ಫೌ-ಜಿಯ ಸ್ಟಾರು ಮೊದಲ ದಿನಗಳಲ್ಲಿ ನಾಲ್ಕರ ಮೇಲಿದ್ದದ್ದು ಐದಕ್ಕೆ ಮೂರರ ಸುತ್ತ ಇಳಿಯಿತು. ಹಾಗಾದರೆ ಆಟ ಮೂರರ ಯೋಗ್ಯತೆಯದೇ? ಅಲ್ಲಿ ಬರೆದದ್ದನ್ನು ಓದಿದರೆ ತಿಳಿಯುತ್ತದೆ. ಸೈನಿಕರ ಮೇಲಿನ ಅಭಿಮಾನಕ್ಕೆ ಐದು ಸ್ಟಾರು ಕೊಟ್ಟವರು ಒಂದು ಕಡೆ. ಪಬ್ಜಿ ಕಳಕೊಂಡ ಸಿಟ್ಟಿಗೆ ಒಂದು ಕೊಟ್ಟವರು ಇನ್ನೊಂದು ಕಡೆ. ಐದೂ ಒಂದೂ ಕೂಡಿಸಿ ಅರ್ಧ ಮಾಡಿದರೆ ಮೂರೇ ಬರುತ್ತದೆ! ಈ ನಡುವೆ ಆಟವನ್ನು ಆಟವೆಂದು ಆಡಿ, ಹೊಡೆದಾಟ ಮಬ್ಬು, ಚಿತ್ರ ಚೆಂದ ಎಂದು ಬರೆದವನ ದನಿ ಜಾತ್ರೆಯಲ್ಲಿ ಕಳೆದ ಕೂಸಿನ ಹಾಗೆ. ಈ ಬಾತ್ಮೀದಾರನ ಮಟ್ಟಿಗೆ ಹೇಳುವುದಾದರೆ, ಆಟ ಸಾಧಾರಣವೇ. ಆದರೆ ಅದು ಬಿದ್ದದ್ದು ಸಾಧಾರಣವಾದ್ದಕ್ಕಲ್ಲ. ಕೇಳಿದ್ದು ಒಂದು, ಸಿಕ್ಕಿದ್ದು ಇನ್ನೊಂದು. ಮಿರ್ಚಿ ಎಂದು ಆಸೆ ಹಚ್ಚಿ ಜಿಲೇಬಿ ಕೊಟ್ಟರೂ ಗಿರಾಕಿ ಬೈದೇ ಹೋಗುತ್ತಾನೆ.

ಸ್ಟಾರಿನ ರಾಜಕೀಯ

ಸ್ಟಾರು ಕೊಡುವುದೀಗ ಕಲ್ಲು ತೂರಿದ ಹಾಗಾಗಿದೆ. 2017ರ ಏಪ್ರಿಲ್‌ನಲ್ಲಿ ಸ್ನ್ಯಾಪ್‌ಚಾಟ್ ಎಂಬ ಅಮೆರಿಕದ ಆ್ಯಪಿನ ಧಣಿ ಇಂಡಿಯಾವನ್ನು ಬಡ ದೇಶ ಎಂದರಂತೆ ಎಂಬ ಸುದ್ದಿ ಹಬ್ಬಿತು. ಜನ ರೊಚ್ಚಿಗೆದ್ದು ಒಂದೊಂದು ಸ್ಟಾರು ಕುಟ್ಟಿದರು. ಅದರಲ್ಲಿ ಕೆಲವರು ಕುಟ್ಟಿದ್ದು ಸ್ನ್ಯಾಪ್‌ಡೀಲ್ ಎಂಬ ನಮ್ಮದೇ ದೇಶದ ಸಾಮಾನು ಮಾರುವ ಕಂಪನಿಗೆ! 'ಸ್ನ್ಯಾಪ್' ಎಂದಿದ್ದರೆ ಸಾಕು, ಕಲ್ಲು. 2020ರ ಮೇ ತಿಂಗಳಲ್ಲಿ ಟಿಕ್‌ಟಾಕ್ ಮೇಲೆ ಇದೇ ನಮೂನೆ ದಾಳಿ. ರೇಟಿಂಗು ಒಂದೂಕಾಲರ ಹತ್ತಿರ ಇಳಿಯಿತು. ಗೂಗಲ್ ಲಕ್ಷಗಟ್ಟಲೆ ವಿಮರ್ಶೆಗಳನ್ನು ಅಳಿಸಿಹಾಕಿತು.

ಆ ವರ್ಷವೇ ಜೂನ್ 19ಕ್ಕೆ 'ದಿ ಲಾಸ್ಟ್ ಆಫ್ ಅಸ್' ಎರಡನೇ ಭಾಗ ಬಂದಾಗ, ಅದನ್ನು ಆಡಿ ಮುಗಿಸಲು ಇಪ್ಪತ್ತು ಗಂಟೆಯ ಮೇಲೆ ಬೇಕಿದ್ದರೂ, ಬಂದ ಕೆಲವೇ ತಾಸಿನಲ್ಲಿ ಸಾವಿರಾರು ಜನ ಸೊನ್ನೆ ಹಾಕಿ ಹೋಗಿದ್ದರು. ಆಮೇಲೆ ಮೆಟಾಕ್ರಿಟಿಕ್‌ನವರು ಆಟ ಬಂದ ಮೇಲೆ 36 ಗಂಟೆ ಜನರ ಮಾರ್ಕು ತಗೊಳ್ಳುವುದಿಲ್ಲ ಎಂದು ಕಾಯಿದೆ ಮಾಡಿದರು. ಕಂಪ್ಯೂಟರ್ ಆಟಗಳನ್ನು ಮಾರುವ 'ಸ್ಟೀಮ್' ಅಂಗಡಿಯವರ ಪದ್ಧತಿ ಇನ್ನೂ ವಾಸಿ. ಅಲ್ಲಿ ಆಟ ಹಿಡಿಸಿತೇ, ಇಲ್ಲವೇ ಎಂಬುದಷ್ಟೇ ಪ್ರಶ್ನೆ. ಬರೆದವನು ಎಷ್ಟು ತಾಸು ಆಡಿದ್ದಾನೆಂಬುದು ಪಕ್ಕದಲ್ಲೇ ಕಾಣುತ್ತದೆ. 2015ರಿಂದ ಇನ್ನೊಂದು ಸೌಕರ್ಯವಿದೆ. ಕೊಂಡ 14 ದಿನದೊಳಗೆ, ಎರಡು ತಾಸಿಗಿಂತ ಕಮ್ಮಿ ಆಡಿದ್ದರೆ, ಮಾಲು ವಾಪಸ್, ದುಡ್ಡು ವಾಪಸ್. ನಮ್ಮ ಬಟ್ಟೆ ಅಂಗಡಿಗಳಲ್ಲೂ ಇಷ್ಟು ಧಾರಾಳ ಕಾಣೆ.

ಮಲ್ಲಟದಲ್ಲಿ ಆಡುವುದು ಫೋನಿನಲ್ಲಿ. ಹುಡುಗರಿಗೆ ಗೊತ್ತಿರಬೇಕಾದ ಒಂದು ಸಂಗತಿ: ಪ್ಲೇ ಸ್ಟೋರಿನಲ್ಲಿ ಕಾಣುವ ಸ್ಟಾರು 2021ರ ನವೆಂಬರಿನಿಂದ ಆಯಾ ದೇಶದವರು ಕೊಟ್ಟದ್ದರ ಸರಾಸರಿ, ಮೊದಲಿನಂತೆ ಪ್ರಪಂಚದ್ದಲ್ಲ. ಹೊಸದಾಗಿ ಬಿದ್ದ ಸ್ಟಾರಿಗೆ ತೂಕ ಜಾಸ್ತಿ, ಹಳೆಯದಕ್ಕೆ ಕಮ್ಮಿ. ಅಂದರೆ ನಮ್ಮಲ್ಲಿ ಕಮ್ಮಿ ರೇಟಿನ ಫೋನು ಜಾಸ್ತಿ ಇದ್ದು, ಆಟ ಅದರಲ್ಲಿ ಸಿಕ್ಕಿಬಿದ್ದರೆ, ಸ್ಟಾರು ನಮ್ಮಲ್ಲೇ ಇಳಿಯುತ್ತದೆ. ಅದು ಆಟದ ಮಾರ್ಕೂ ಹೌದು, ನಮ್ಮ ಫೋನಿನ ಮಾರ್ಕೂ ಹೌದು. ಆದ್ದರಿಂದ ಸ್ಟಾರು ಬಿಟ್ಟು ಕೆಳಗಿನ ಬರಹ ಓದಬೇಕು. ನಿಮ್ಮಂಥದೇ ಫೋನು ಇಟ್ಟವನು ಏನಂದಿದ್ದಾನೆ ನೋಡಬೇಕು. ಮೂರು ಸ್ಟಾರು ಕೊಟ್ಟವನ ಮಾತಿನಲ್ಲಿ ಸಾಮಾನ್ಯವಾಗಿ ಹೆಚ್ಚು ಸತ್ಯ ಇರುತ್ತದೆ. ಅವನಿಗೆ ಪ್ರೀತಿಯೂ ಇಲ್ಲ, ದ್ವೇಷವೂ ಇಲ್ಲ.

ಇನ್ನು ಅಂಗಡಿ ಧಣಿಗಳಿಗೆ ಒಂದು ಮಾತು. ಇದು ಹುಡುಗರ ಆಟದ ವಿಚಾರ ಎಂದು ನಗುವ ಮುಂಚೆ ಗೂಗಲ್ ಮ್ಯಾಪಿನಲ್ಲಿ ನಿಮ್ಮ ಅಂಗಡಿಯ ಹೆಸರು ಹಾಕಿ ನೋಡಿ. ಸಿರವಾರ, ಮಾನ್ವಿ, ದೇವದುರ್ಗದ ಕಿರಾಣಿ, ಗೊಬ್ಬರ, ಮೊಬೈಲ್ ಅಂಗಡಿಗಳಿಗೂ ಯಾರ್ಯಾರೋ ಸ್ಟಾರು ಹಚ್ಚಿ ಹೋಗಬಹುದು, ಧಣಿಗೆ ಸುದ್ದಿಯೇ ಇರುವುದಿಲ್ಲ. ಉದ್ರಿ ಕೊಡದಿದ್ದಕ್ಕೆ ಒಂದು ಸ್ಟಾರು ಬಿದ್ದೀತು, ಪಕ್ಕದ ಅಂಗಡಿಯವನ ಅಳಿಯ ಹಾಕಿದ ಒಂದು ಸ್ಟಾರೂ ಇದ್ದೀತು. ಅಂಗಡಿ ನಿಮ್ಮದೆಂದು ಗೂಗಲ್‌ಗೆ ಖಾತ್ರಿ ಮಾಡಿಕೊಟ್ಟರೆ ಪ್ರತಿಯೊಂದರ ಕೆಳಗೂ ಜವಾಬು ಬರೆಯಲು ಬರುತ್ತದೆ, ಸುಳ್ಳಿದ್ದರೆ ತೆಗೆಯಿರಿ ಎಂದು ದೂರು ಕೊಡಲೂ ಬರುತ್ತದೆ. ಇದಕ್ಕೆ ಫೀಜು ಇಲ್ಲ. ಹೇಗೆಂದು ತಿಳಿಯದಿದ್ದರೆ ಬಸ್ ನಿಲ್ದಾಣದ ಆ ಇಬ್ಬರು ಹುಡುಗರಲ್ಲಿ ಯಾರನ್ನು ಕೇಳಿದರೂ ಐದು ನಿಮಿಷದಲ್ಲಿ ಮಾಡಿಕೊಡುತ್ತಾರೆ, ಒಂದು ಚಹಾ ಹೇಳಿದರೆ ಸಾಕು.