ಕೇಳಲೇಬೇಕಾದ ಒಂದು ಪ್ರಶ್ನೆ

ಉದ್ಯೋಗವನ್ನರಸಿ ಊರು ಬಿಟ್ಟು ಬಂದು ಮಹಾನಗರದಲ್ಲಿ ನೆಲೆ ನಿಂತವರು ನಾವು. ಜ್ವರ ಬಂದರೆ ನೆರೆಯವರಿಗೆ ಹೇಳುತ್ತೇವೆ; ಮನಸ್ಸು ಕುಸಿದಾಗ ಮಾತ್ರ ಹೆತ್ತವರಿಗೂ "ಚೆನ್ನಾಗಿದ್ದೇನೆ" ಎಂದೇ ಹೇಳುತ್ತೇವೆ. ಈ ಮೌನ ಕೆಲವೊಮ್ಮೆ ಪ್ರಾಣಕ್ಕೇ ಎರವಾಗುತ್ತದೆ.

ಆತ್ಮಹತ್ಯೆಯ ಯೋಚನೆಯಲ್ಲಿರುವವರು ಅನೇಕ ವೇಳೆ ಸುಳಿವು ಕೊಟ್ಟಿರುತ್ತಾರೆ. "ನಾನಿಲ್ಲದಿದ್ದರೆ ನಿಮಗೆಲ್ಲ ನೆಮ್ಮದಿ" ಎಂಬ ಮಾತು, ನಿದ್ರೆ ಊಟಗಳಲ್ಲಿ ಏರುಪೇರು, ಹೆಚ್ಚಿದ ಕುಡಿತ, ಸಂಘದ ಕಾರ್ಯಕ್ರಮಗಳಿಗೆ ತಪ್ಪದೆ ಬರುತ್ತಿದ್ದವರು ಮುಖ ಮರೆಸುವುದು, ಪ್ರಿಯವಾದ ವಸ್ತುಗಳನ್ನು ಹಂಚಿಬಿಡುವುದು, ಬಹುದಿನಗಳ ದುಗುಡದ ನಂತರ ಹಠಾತ್ತನೆ ತೋರುವ ಶಾಂತಿ: ಇವನ್ನು ಅಲಕ್ಷಿಸಬಾರದು. ಹಿಂದೊಮ್ಮೆ ಪ್ರಯತ್ನಿಸಿದವರ ವಿಷಯದಲ್ಲಂತೂ ಹೆಚ್ಚಿನ ಎಚ್ಚರ ಬೇಕು. "ಸಾಯುತ್ತೇನೆ ಎನ್ನುವವರು ಸಾಯುವುದಿಲ್ಲ" ಎಂಬ ನಂಬಿಕೆ ಶುದ್ಧ ತಪ್ಪು.

ಹಾಗಾದರೆ ನಾವು ಮಾಡಬೇಕಾದುದೇನು? ಏಕಾಂತದಲ್ಲಿ ಕುಳಿತು, "ಸಾಯಬೇಕೆಂಬ ಯೋಚನೆ ಬರುತ್ತಿದೆಯೇ?" ಎಂದು ನೇರವಾಗಿ ಕೇಳಬೇಕು. ಕೇಳುವುದರಿಂದ ಇಲ್ಲದ ಯೋಚನೆ ಹುಟ್ಟುವುದಿಲ್ಲ. ಹೇಳಲಾರದೆ ಬೇಯುತ್ತಿರುವವರಿಗೆ ಬಾಯಿ ಬರುತ್ತದೆ. "ಹೌದು" ಎಂಬ ಉತ್ತರ ಬಂದರೆ ಗಾಬರಿಪಡಬಾರದು. ಬುದ್ಧಿವಾದ, ಬೈಗುಳ, "ಮಕ್ಕಳ ಮುಖ ನೋಡು" ಎಂಬ ಆಣೆ ಇವೆಲ್ಲ ಆಗ ಬೇಡ. ಮೊದಲು ಕಿವಿಗೊಟ್ಟು ಕೇಳಿರಿ. ಚೆನ್ನೈಯಲ್ಲಿ ಡಾ. ಲಕ್ಷ್ಮೀ ವಿಜಯಕುಮಾರ್ ಅವರು 1986ರಲ್ಲಿ ಸ್ಥಾಪಿಸಿದ 'ಸ್ನೇಹಾ' ಸಂಸ್ಥೆಯ ಸ್ವಯಂಸೇವಕರು ಮುಖ್ಯವಾಗಿ ಮಾಡುವುದೂ ಹೀಗೆ ಆಲಿಸುವ ಕೆಲಸವನ್ನೇ.

ಅಪಾಯ ಹತ್ತಿರವೆನಿಸಿದರೆ ಅವರನ್ನು ಒಂಟಿಯಾಗಿ ಬಿಡಬಾರದು. ಮನೆಯಲ್ಲಿರುವ ಔಷಧಿ, ಕೀಟನಾಶಕ ಮೊದಲಾದ ಅಪಾಯಕರ ವಸ್ತುಗಳನ್ನು ಅವರ ಕೈಗೆ ಸಿಗದಂತೆ ದೂರವಿಡಬೇಕು. ಉತ್ಕಟವಾದ ಗಳಿಗೆ ಬಹುಮಟ್ಟಿಗೆ ಅಲ್ಪಕಾಲದ್ದು; ಅದನ್ನು ದಾಟಿಸಿದರೆ ಜೀವ ಉಳಿಯಬಹುದು. "ಯಾರಿಗೂ ಹೇಳಬೇಡಿ" ಎಂದು ಭಾಷೆ ಕೇಳಿದರೂ ಕೊಡಬೇಡಿ. ಮನೋವೈದ್ಯರಲ್ಲಿಗೆ ನೀವೇ ಜೊತೆಯಲ್ಲಿ ಹೋಗಿರಿ. ತುರ್ತಾದರೆ ಹತ್ತಿರದ ಆಸ್ಪತ್ರೆಗೆ ಕರೆದೊಯ್ಯಿರಿ, ಇಲ್ಲವೇ 112ಕ್ಕೆ ಕರೆ ಮಾಡಿರಿ.

ಪರಭಾಷೆಯಲ್ಲಿ ವ್ಯವಹಾರ ನಡೆಸಬಹುದು. ಎದೆಯ ನೋವು ತಾಯ್ನುಡಿಯನ್ನೇ ಹುಡುಕುತ್ತದೆ. 2022ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ 'ಟೆಲಿ ಮಾನಸ್' ಸೇವೆ 14416 ಸಂಖ್ಯೆಯಲ್ಲಿ ಹಗಲಿರುಳೂ ಉಚಿತವಾಗಿ ದೊರೆಯುತ್ತದೆ. ಅಲ್ಲಿ ಕನ್ನಡದಲ್ಲಿಯೂ ಮಾತನಾಡಬಹುದು.

ಪೊಲೀಸರ ಭಯದಿಂದ ಚಿಕಿತ್ಸೆಯನ್ನು ತಡಮಾಡುವವರೂ ಉಂಟು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯು ಆತ್ಮಹತ್ಯೆಗೆ ಯತ್ನಿಸಿದವರನ್ನು ತೀವ್ರ ಮಾನಸಿಕ ಒತ್ತಡದಲ್ಲಿದ್ದವರೆಂದೇ ಭಾವಿಸಿ, ಅವರಿಗೆ ಆರೈಕೆ ಒದಗಿಸುವ ಹೊಣೆಯನ್ನು ಸರ್ಕಾರದ ಮೇಲಿರಿಸಿದೆ.

ಕಳೆದ ಕೆಲವು ಕಾರ್ಯಕ್ರಮಗಳಲ್ಲಿ ಕಾಣದ ಮುಖವೊಂದು ಈಗ ನಿಮ್ಮ ನೆನಪಿಗೆ ಬಂದಿತೇ? ಇಂದೇ ಅವರ ಮನೆಯ ಬಾಗಿಲು ತಟ್ಟಿರಿ.